ಪಿಕಪ್ ವಾಹನದ ಇಂಜಿನ್ ಬಿಸಿಯೇರುವುದೇಕೆ? ಕಾರಣ ಗುರುತಿಸುವ ಕ್ರಮ ಮತ್ತು ಪರಿಹಾರ

ಬೆಳೆಯ ಎಲೆ ಹಳದಿಯಾಯಿತೆಂದು ರೈತರು ನಮ್ಮಲ್ಲಿಗೆ ಬರುವುದು ಸಾಮಾನ್ಯ. ಹಳದಿ ಬಣ್ಣ ರೋಗವಲ್ಲ, ರೋಗದ ಲಕ್ಷಣ. ಸಾರಜನಕದ ಕೊರತೆಯಿರಬಹುದು, ಬೇರಿನ ಬಳಿ ನೀರು ನಿಂತಿರಬಹುದು, ಬೇರನ್ನು ಹುಳು ಕಡಿದಿರಬಹುದು. ಯಾವ ಎಲೆ ಮೊದಲು ಹಳದಿಯಾಯಿತು, ಯಾವಾಗ ಆಯಿತು ಎಂದು ಕೇಳದೆ ಗೊಬ್ಬರದ ಚೀಲ ಬಿಚ್ಚುವವನು ಹಣ ಕಳೆದುಕೊಳ್ಳುತ್ತಾನೆ. ಪಿಕಪ್ ವಾಹನದ ಇಂಜಿನ್ ಬಿಸಿಯೇರುವುದೂ ಇಂತಹ ಒಂದು ಲಕ್ಷಣವೇ ಹೊರತು ತಾನೇ ಒಂದು ರೋಗವಲ್ಲ.

ಬೇಸಾಯ ಶಾಸ್ತ್ರ ಬೋಧಿಸುವವನು ಇಂಜಿನ್ನಿನ ವಿಚಾರ ಬರೆಯುವುದೇಕೆಂದು ಓದುಗರಿಗೆ ಅನಿಸಬಹುದು. ಮೂರು ತಿಂಗಳು ದುಡಿದು ಬೆಳೆದ ಟೊಮೆಟೊ ಅಥವಾ ಬೀನ್ಸ್ ಮಾರುಕಟ್ಟೆಯ ದಾರಿಯಲ್ಲಿ ಒಂದೇ ರಾತ್ರಿ ನಿಂತುಹೋದರೆ ಬೇಸಾಯದ ಫಲವೇ ರಸ್ತೆಯ ಪಾಲಾದಂತೆ. ಇಂದು ಹಳ್ಳಿಯಿಂದ ಮಾರುಕಟ್ಟೆಗೆ ಮಾಲು ಸಾಗಿಸುವ ಕೆಲಸ ಬಹುಮಟ್ಟಿಗೆ ಪಿಕಪ್ ವಾಹನಗಳ ಮೇಲೆ ನಿಂತಿದೆ. ಆದಕಾರಣ ಈ ವಿಷಯವೂ ರೈತನಿಗೆ ತಿಳಿದಿರತಕ್ಕದ್ದೇ ಆಗಿದೆ.

ನಮ್ಮ ಅಣ್ಣನವರ ವಾಹನದಲ್ಲಿ ನಡೆದುದನ್ನು ಮೊದಲು ಹೇಳಿಬಿಡುತ್ತೇನೆ. ಜನವರಿ ತಿಂಗಳಲ್ಲಿ ಟೊಮೆಟೊ ಹೇರಿ ಹೊರಟಾಗಲೆಲ್ಲ ಹೆದ್ದಾರಿಯ ಏರಿನಲ್ಲಿ ಉಷ್ಣಮಾಪಕದ ಮುಳ್ಳು ಮೇಲೇರುತ್ತಿತ್ತು. ಖಾಲಿ ವಾಹನದಲ್ಲಿ ಊರಿನೊಳಗೆ ತಿರುಗಿದರೆ ಯಾವ ತೊಂದರೆಯೂ ಇರಲಿಲ್ಲ. ರಿಪೇರಿಗೆ ಕೊಟ್ಟಾಗ ಮೊದಲು ಥರ್ಮೋಸ್ಟಾಟ್ ಬದಲಾಯಿತು, ಅನಂತರ ವಾಟರ್ ಪಂಪು ಬದಲಾಯಿತು. ಮುಳ್ಳು ಮಾತ್ರ ಮತ್ತೆ ಮೇಲೇರಿತು. ಮೂರನೆಯ ಸಲ ಅದು ಕೆಂಪು ಗೆರೆ ಮುಟ್ಟಿದಾಗ ಮಾರುಕಟ್ಟೆಗೆ ಆರು ಕಿಲೋಮೀಟರ್ ಉಳಿದಿತ್ತು. ‘ಆರು ಕಿಲೋಮೀಟರ್ ತಾನೆ’ ಎಂದು ಅಣ್ಣ ಓಡಿಸಿಬಿಟ್ಟರು. ಮಾಲು ತಲುಪಿತು, ಇಂಜಿನ್ನಿನ ಹೆಡ್ ಗ್ಯಾಸ್ಕೆಟ್ ಹೋಯಿತು. ಬಿಚ್ಚಿ ನೋಡಿದಾಗ ಮೂಲ ಕಾರಣ ಸಿಕ್ಕಿದ್ದು ರೇಡಿಯೇಟರಿನ ಮುಂದೆ. ಒಕ್ಕಣೆಗೆಂದು ರಸ್ತೆಯ ಮೇಲೆ ಹರಡಿದ್ದ ಹುರುಳಿಯ ಹೊಟ್ಟು, ಎಲೆಪುಡಿ, ಧೂಳು ಸೇರಿ ಅಲ್ಲಿ ಕಂಬಳಿಯಂತೆ ಮೆತ್ತಿಕೊಂಡಿತ್ತು. ಒಂದು ಬಕೆಟ್ ನೀರಿನಿಂದ ಹೋಗಬಹುದಾಗಿದ್ದ ದೋಷ ಅದು.

ಇಂಜಿನ್ ತಂಪಾಗುವ ಬಗೆ

ಇಂಜಿನ್ನಿನಲ್ಲಿ ಉರಿಯುವ ಡೀಸೆಲ್‌ನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಬರುತ್ತದೆ. ಇನ್ನೊಂದು ಭಾಗ ಹೊಗೆಯೊಡನೆ ಹೊರಹೋಗುತ್ತದೆ. ಉಳಿದ ಶಾಖದ ಬಹುಪಾಲನ್ನು ಇಂಜಿನ್ನಿನ ಸುತ್ತ ಹರಿಯುವ ಕೂಲೆಂಟ್ ದ್ರವ ಹೊತ್ತೊಯ್ಯಬೇಕು.

ವಾಟರ್ ಪಂಪು ಈ ದ್ರವವನ್ನು ತಳ್ಳುತ್ತದೆ. ಥರ್ಮೋಸ್ಟಾಟ್ ಎಂಬುದು ನಾಲೆಯ ತೂಬಿನಂತೆ. ಇಂಜಿನ್ ತಣ್ಣಗಿರುವಾಗ ಮುಚ್ಚಿದ್ದು, ಸುಮಾರು 82ರಿಂದ 88 ಡಿಗ್ರಿ ಸೆಂಟಿಗ್ರೇಡಿಗೆ ತೆರೆದುಕೊಂಡು ದ್ರವವನ್ನು ರೇಡಿಯೇಟರಿಗೆ ಬಿಡುತ್ತದೆ. ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ದ್ರವ ಇಳಿಯುವಾಗ ಫ್ಯಾನ್ ಎಳೆದ ಗಾಳಿ ಅದರ ಶಾಖವನ್ನು ಒಯ್ಯುತ್ತದೆ. ತಣಿದ ದ್ರವ ಕೆಳಗಿನ ಹೋಸಿನ ಮೂಲಕ ಮತ್ತೆ ಪಂಪಿಗೆ ಬರುತ್ತದೆ.

ಇಲ್ಲಿ ಮುಚ್ಚಳಕ್ಕೂ ಒಂದು ಕೆಲಸವಿದೆ. ಬೆಂಗಳೂರಿನಂತೆ ಸುಮಾರು 900 ಮೀಟರ್ ಎತ್ತರದ ಊರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಸ್ಪ್ರಿಂಗ್ ಉಳ್ಳ ಮುಚ್ಚಳ ಒಳಗೆ ಒತ್ತಡ ಹಿಡಿದಿಡುವುದರಿಂದ ಕುದಿಯುವ ಬಿಂದು ಸುಮಾರು 20 ಡಿಗ್ರಿಯಷ್ಟು ಮೇಲೇರುತ್ತದೆ. ಮುಚ್ಚಳದ ರಬ್ಬರು ಸವೆದು ಒತ್ತಡ ಸೋರಿದರೆ ಉಳಿದೆಲ್ಲ ಭಾಗಗಳು ಸರಿಯಿದ್ದರೂ ದ್ರವ ಬೇಗ ಕುದಿದು ಹೊರಚೆಲ್ಲುತ್ತದೆ.

ಹೀಗೆ ದ್ರವದ ಪ್ರಮಾಣ, ಅದರ ಹರಿವು, ಗಾಳಿಯ ಹರಿವು, ಒತ್ತಡ ಎಂಬ ನಾಲ್ಕು ಸರಿಯಿರಬೇಕು. ಹೇರುವ ಭಾರವೂ ಮಿತಿಯಲ್ಲಿರಬೇಕು. ಇವುಗಳಲ್ಲಿ ಯಾವುದು ತಪ್ಪಿದೆ ಎಂಬುದನ್ನು ಕಂಡುಹಿಡಿಯುವುದೇ ರೋಗನಿರ್ಣಯ.

ದಾರಿಯಲ್ಲಿ ಬಿಸಿಯೇರಿದಾಗ

ಮುಳ್ಳು ಎಂದಿನ ಸ್ಥಾನ ಬಿಟ್ಟು ಮೇಲೇರತೊಡಗಿದೊಡನೆ ಎ.ಸಿ. ಇದ್ದರೆ ನಿಲ್ಲಿಸಿ. ವೇಗ ತಗ್ಗಿಸಿ, ಒಂದು ಗೇರು ಇಳಿಸಿ, ಇಂಜಿನ್ನಿಗೆ ಬೀಳುವ ಹೊರೆ ಕಡಿಮೆ ಮಾಡಿ. ಕ್ಯಾಬಿನ್ನಿಗೆ ಹೀಟರ್ ಇದ್ದಲ್ಲಿ ಅದನ್ನು ಪೂರ್ತಿ ತಿರುಗಿಸಿದರೆ ಇಂಜಿನ್ನಿನ ಶಾಖ ಸ್ವಲ್ಪ ಹೊರಹೋಗುತ್ತದೆ. ಸೆಖೆಯಾಗುವುದು ನಿಜ, ಆದರೆ ಇಂಜಿನ್ ಉಳಿಯುತ್ತದೆ. ಮುಳ್ಳು ಇಳಿಯದಿದ್ದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ.

ಮುಳ್ಳು ಕೆಂಪು ಗೆರೆ ಮುಟ್ಟಿದ್ದರೆ, ಹಬೆ ಬರುತ್ತಿದ್ದರೆ ಅಥವಾ ದ್ರವ ಚೆಲ್ಲುತ್ತಿದ್ದರೆ ಇಂಜಿನ್ನನ್ನು ತಕ್ಷಣ ಆರಿಸಬೇಕು. ಇಂದಿನ ಹಲವು ಇಂಜಿನ್‌ಗಳ ಕೆಳಭಾಗ ಎರಕದ ಕಬ್ಬಿಣದ್ದು, ಮೇಲಿನ ಹೆಡ್ ಅಲ್ಯುಮಿನಿಯಮ್ಮಿನದು. ಅಲ್ಯುಮಿನಿಯಂ ಬಿಸಿಗೆ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಮಿತಿಮೀರಿ ಬಿಸಿಯಾದಾಗ ಹೆಡ್ ಸೊಟ್ಟಗಾಗುತ್ತದೆ, ನಡುವಿನ ಗ್ಯಾಸ್ಕೆಟ್ ಸುಟ್ಟು ಬಿಡುತ್ತದೆ. ಇದಕ್ಕೆ ಕೆಲವೇ ನಿಮಿಷ ಸಾಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ.

ಬಿಸಿ ಇಂಜಿನ್ನಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಕೂಡದು. ಒಳಗೆ 100 ಡಿಗ್ರಿಗೂ ಮೇಲೆ ಕಾದ ದ್ರವ ಒತ್ತಡದ ಬಲದಿಂದ ಮಾತ್ರ ಕುದಿಯದೆ ನಿಂತಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣವೇ ಅದು ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಮುಖ, ಕಣ್ಣು, ಕೈ ಬೆಂದುಹೋಗುವ ಅಪಾಯವಿದೆ. ಈಗಿನ ಹಲವು ವಾಹನಗಳಲ್ಲಿ ಒತ್ತಡದ ಮುಚ್ಚಳ ಪಕ್ಕದ ಪ್ಲಾಸ್ಟಿಕ್ ಟ್ಯಾಂಕಿನ ಮೇಲಿರುತ್ತದೆ, ಅದಕ್ಕೂ ಇದೇ ನಿಯಮ. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಕಾಯಿರಿ. ಮೇಲಿನ ಹೋಸು ತಣ್ಣಗಾಗಿ, ಹಿಸುಕಿದರೆ ಮೆತ್ತಗಾಗಬೇಕು. ಅನಂತರ ದಪ್ಪ ಬಟ್ಟೆ ಹಿಡಿದು ನಿಧಾನವಾಗಿ ತೆರೆಯಿರಿ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಅಥವಾ ಬ್ಲಾಕ್ ಬಿರುಕು ಬಿಡಬಹುದು. ಹೊರಗಿನಿಂದ ನೀರು ಎರಚುವುದೂ ಬೇಡ.

ಮೊದಲ ಪ್ರಶ್ನೆ: ಯಾವಾಗ ಬಿಸಿಯಾಗುತ್ತದೆ?

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಚಾಲಕನನ್ನು ಈ ಪ್ರಶ್ನೆ ಕೇಳಬೇಕು. ಉತ್ತರದಲ್ಲಿಯೇ ಅರ್ಧ ರೋಗ ತಿಳಿಯುತ್ತದೆ.

(ಅ) ನಿಂತಾಗ ಅಥವಾ ಸಂತೆ ಬೀದಿಯಲ್ಲಿ ನಿಧಾನವಾಗಿ ಹೋಗುವಾಗ ಬಿಸಿಯಾಗಿ, ವೇಗವಾಗಿ ಓಡಿದಾಗ ತಣಿಯುವುದಾದರೆ ದೋಷ ಫ್ಯಾನಿನಲ್ಲಿದೆ. ಓಡುವಾಗ ಬೀಸುವ ಗಾಳಿಯೇ ಫ್ಯಾನಿನ ಕೆಲಸ ಮಾಡುತ್ತದೆ, ನಿಂತಾಗ ಅದಿಲ್ಲ.

(ಆ) ಊರಿನೊಳಗೆ ಸರಿಯಿದ್ದು, ಹೆದ್ದಾರಿಯ ವೇಗದಲ್ಲಿ ಅಥವಾ ಭಾರ ಹೇರಿ ಏರು ಹತ್ತುವಾಗ ಬಿಸಿಯಾದರೆ ರೇಡಿಯೇಟರಿನ ಒಳಗೋ ಹೊರಗೋ ಅಡಚಣೆಯಿದೆ. ಥರ್ಮೋಸ್ಟಾಟ್ ಪೂರ್ತಿ ತೆರೆಯದಿರಬಹುದು, ಕೆಳಗಿನ ಹೋಸು ಒಳಕ್ಕೆ ಕುಗ್ಗುತ್ತಿರಬಹುದು ಅಥವಾ ಭಾರ ಮಿತಿಮೀರಿರಬಹುದು. ನಮ್ಮ ಅಣ್ಣನವರ ವಾಹನದ ಲಕ್ಷಣ ಇದೇ ಆಗಿತ್ತು.

(ಇ) ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಗಳಲ್ಲಿ ಬಿಸಿಯಾದರೆ ದ್ರವ ಬಹಳ ಕಡಿಮೆಯಾಗಿದೆ, ಬೆಲ್ಟ್ ತುಂಡಾಗಿದೆ, ಥರ್ಮೋಸ್ಟಾಟ್ ಮುಚ್ಚಿಕೊಂಡೇ ನಿಂತಿದೆ ಅಥವಾ ಗ್ಯಾಸ್ಕೆಟ್ ಹೋಗಿದೆ.

(ಈ) ಮುಳ್ಳು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಆಡುತ್ತಿದ್ದರೆ ದ್ರವದಲ್ಲಿ ಗಾಳಿ ಸೇರಿದೆ ಅಥವಾ ಥರ್ಮೋಸ್ಟಾಟ್ ಅಂಟಿ ಅಂಟಿ ಬಿಡುತ್ತಿದೆ.

ಮುಳ್ಳನ್ನು ಕುರುಡಾಗಿ ನಂಬುವುದೂ ಸಲ್ಲದು. ದ್ರವ ಪೂರ್ತಿ ಸೋರಿ ಸೆನ್ಸಾರ್ ಬರಿದಾದರೆ, ಇಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೆ ಬೀಳುವುದುಂಟು. ಏರುತ್ತಿದ್ದ ಮುಳ್ಳು ಹಠಾತ್ತನೆ ಕೆಳಗಿಳಿದರೆ ಸಮಾಧಾನಪಡದೆ ವಾಹನ ನಿಲ್ಲಿಸಿ ನೋಡಬೇಕು.

ಪರೀಕ್ಷೆಯ ಕ್ರಮ

ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನ ಪರೀಕ್ಷೆ ಕೊನೆಗೆ ಎಂಬುದೇ ಸೂತ್ರ. ಇಂಜಿನ್ ತಣ್ಣಗಿರುವಾಗ ಈ ಕೆಳಕಂಡಂತೆ ಪರೀಕ್ಷಿಸಿರಿ.

1. ದ್ರವದ ಮಟ್ಟ: ಟ್ಯಾಂಕಿನ ಮೇಲಿನ ಎರಡು ಗೆರೆಗಳ ನಡುವೆ ದ್ರವ ಇರಬೇಕು. ಮುಚ್ಚಳ ರೇಡಿಯೇಟರಿನ ಮೇಲಿದ್ದಲ್ಲಿ ಅದನ್ನೂ ತೆರೆದು ಒಳಗೆ ನೋಡಿ. ಮಟ್ಟ ಕಡಿಮೆಯಾಗಿದ್ದರೆ ತುಂಬಿಸಿ ಸುಮ್ಮನಾಗಬೇಡಿ. ಹೋದ ದ್ರವ ಎಲ್ಲಿಗೆ ಹೋಯಿತೆಂದು ಹುಡುಕಬೇಕು.

2. ಸೋರಿಕೆ: ರಾತ್ರಿ ವಾಹನದಡಿ ಹಳೆಯ ರಟ್ಟು ಹಾಸಿ ಬೆಳಿಗ್ಗೆ ನೋಡಿ. ಹೋಸಿನ ತುದಿ, ಕ್ಲಿಪ್ಪು, ರೇಡಿಯೇಟರಿನ ಅಂಚುಗಳಲ್ಲಿ ಬಣ್ಣದ ಅಥವಾ ಬಿಳಿಯ ಕಲೆ ಇದ್ದರೆ ಅಲ್ಲಿ ಸೋರಿಕೆಯಿದೆ. ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ರಂಧ್ರವಿರುತ್ತದೆ. ಅದರಿಂದ ದ್ರವ ಇಳಿದಿದ್ದರೆ ಪಂಪಿನ ಸೀಲು ಸವೆದಿದೆಯೆಂದು ಅರ್ಥ.

3. ಗಾಳಿಯ ದಾರಿ: ಮುಂಭಾಗದ ಜಾಲರಿಯಿಂದ ಟಾರ್ಚು ಬಿಟ್ಟು ನೋಡಿ. ರೇಡಿಯೇಟರಿನ ಮುಂದೆ ಎ.ಸಿ. ಕಂಡೆನ್ಸರ್ ಅಥವಾ ಇಂಟರ್‌ಕೂಲರ್ ಇರುವ ವಾಹನಗಳಲ್ಲಿ ಕಸ ಇವೆರಡರ ನಡುವೆ ಕೂಡುತ್ತದೆ, ಮುಂದಿನಿಂದ ಕಾಣುವುದಿಲ್ಲ. ತೊಳೆಯುವಾಗ ಇಂಜಿನ್ ಕಡೆಯಿಂದ ಹೊರಕ್ಕೆ, ಕಡಿಮೆ ಒತ್ತಡದ ನೀರು ಬಿಡಿ. ಹೆಚ್ಚು ಒತ್ತಡದ ನೀರು ತೆಳು ರೆಕ್ಕೆಗಳನ್ನು ಮಡಚಿ ದಾರಿಯನ್ನು ಇನ್ನಷ್ಟು ಮುಚ್ಚುತ್ತದೆ. ಜಾಲರಿಗೆ ಕಟ್ಟಿದ ಬ್ಯಾನರು, ಸೊಳ್ಳೆಪರದೆ, ಹೆಚ್ಚಿಗೆ ಹಾಕಿಸಿದ ಗಾರ್ಡು ಇವೆಲ್ಲ ಗಾಳಿಗೆ ಅಡ್ಡಿಯೇ.

4. ಬೆಲ್ಟ್: ಇಂಜಿನ್ ಆರಿಸಿ, ಎರಡು ಗಾಲಿಗಳ ನಡುವೆ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ. ಸಾಧಾರಣ ವಿ-ಬೆಲ್ಟ್ 10ರಿಂದ 15 ಮಿಲಿಮೀಟರ್ ಬಗ್ಗಬೇಕು. ಹೆಚ್ಚು ಬಗ್ಗಿದರೆ ಜಾರುತ್ತದೆ. ತೀರ ಬಿಗಿಯಾಗಿದ್ದರೆ ಪಂಪಿನ ಬೇರಿಂಗ್ ಸವೆಯುತ್ತದೆ. ಹೊಳಪು ಬಂದ, ಬಿರುಕು ಬಿಟ್ಟ ಬೆಲ್ಟನ್ನು ಬದಲಾಯಿಸಿ.

5. ಫ್ಯಾನ್: ವಿದ್ಯುತ್ ಫ್ಯಾನಾದರೆ ಇಂಜಿನ್ ಕಾದಾಗ ತಾನಾಗಿ ತಿರುಗಬೇಕು. ತಿರುಗದಿದ್ದರೆ ಮೊದಲು ಫ್ಯೂಸ್ ನೋಡಿ. ಬೆಲ್ಟಿನಿಂದ ತಿರುಗುವ ಫ್ಯಾನಿನ ನಡುವೆ ಬಹಳ ವಾಹನಗಳಲ್ಲಿ ಸಿಲಿಕಾನ್ ಎಣ್ಣೆಯ ಕ್ಲಚ್ ಇರುತ್ತದೆ. ಇಂಜಿನ್ ಆರಿಸಿದ ಮೇಲೆ ಕೈಯಿಂದ ತಿರುಗಿಸಿದರೆ ಸ್ವಲ್ಪ ತಡೆ ಕೊಡಬೇಕು. ಗಿರಗಟ್ಟೆಯಂತೆ ಹಲವು ಸುತ್ತು ತಿರುಗಿದರೆ ಕ್ಲಚ್ ಕೆಟ್ಟಿದೆ.

6. ಥರ್ಮೋಸ್ಟಾಟ್: ಮುಳ್ಳು ಏರುತ್ತಿದ್ದರೂ ರೇಡಿಯೇಟರಿಗೆ ಹೋಗುವ ಮೇಲಿನ ಹೋಸು ತಣ್ಣಗಿದ್ದರೆ ಥರ್ಮೋಸ್ಟಾಟ್ ಮೇಲೆ ಅನುಮಾನ. ಬಿಚ್ಚಿ, ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಉಷ್ಣಮಾಪಕವಿಟ್ಟು ಕಾಯಿಸಿರಿ. ಸಾಮಾನ್ಯವಾಗಿ ತೆರೆಯಬೇಕಾದ ಉಷ್ಣತೆಯ ಅಂಕಿ ಅದರ ಮೇಲೆಯೇ ಅಚ್ಚಾಗಿರುತ್ತದೆ. ಆ ಉಷ್ಣತೆಯಲ್ಲಿ ತೆರೆಯದಿದ್ದರೆ ಹೊಸದನ್ನು ಹಾಕಿ. ಅಡುಗೆಗೆ ಬಳಸುವ ಪಾತ್ರೆ ಇದಕ್ಕೆ ಬೇಡ.

7. ರೇಡಿಯೇಟರಿನ ಒಳಭಾಗ: ಇಂಜಿನ್ ಕಾದ ಮೇಲೆ ಆರಿಸಿ, ಫ್ಯಾನ್ ನಿಂತಿದೆಯೆಂದು ಖಚಿತಪಡಿಸಿಕೊಂಡು ರೇಡಿಯೇಟರಿನ ಮೈಯ ಬಳಿ ಕೈ ಹಿಡಿಯಿರಿ. ವಿದ್ಯುತ್ ಫ್ಯಾನ್ ಇಂಜಿನ್ ಆರಿಸಿದ ಮೇಲೂ ತಿರುಗಬಹುದಾದ ಕಾರಣ ಅದರ ತಂತಿಯ ಸಂಪರ್ಕ ಬಿಡಿಸಿರಬೇಕು. ಕೆಲವು ಕಡೆ ಬಿಸಿ, ಕೆಲವು ಕಡೆ ತಣ್ಣಗೆ ಇದ್ದರೆ ತಣ್ಣಗಿರುವ ಕೊಳವೆಗಳು ಕಟ್ಟಿವೆ. ಒಳಗೆ ಶುಚಿ ಮಾಡಿಸುವುದು ಅಥವಾ ಬದಲಾಯಿಸುವುದು ಅನುಭವಿಗಳ ಕೆಲಸ.

ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂಬ ಸೂಚನೆಗಳು

ಹೊರಗೆ ಎಲ್ಲಿಯೂ ಸೋರದೆ ದ್ರವ ದಿನದಿನವೂ ಕಡಿಮೆಯಾಗುವುದು, ಇಂಜಿನ್ ಕಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದಿರುವುದು, ಇಂಜಿನ್ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುವುದು, ತಣ್ಣಗಿದ್ದ ಇಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸು ಕಲ್ಲಿನಂತೆ ಗಟ್ಟಿಯಾಗುವುದು, ಮುಚ್ಚಳ ತೆಗೆದಿಟ್ಟು ಚಾಲೂ ಮಾಡಿದಾಗ ದ್ರವದಲ್ಲಿ ಗುಳ್ಳೆಗಳು ಬಿಡದೆ ಏಳುವುದು, ಇವು ಮುಖ್ಯ ಸೂಚನೆಗಳು. ಎಣ್ಣೆಯಲ್ಲಿ ನೀರು ಸೇರಿದ್ದರೆ ಇಂಜಿನ್ ಚಾಲೂ ಮಾಡಲೇಬಾರದು, ಬೇರಿಂಗುಗಳು ಹಾಳಾಗುತ್ತವೆ. ವಾಹನವನ್ನು ಎಳೆಸಿಕೊಂಡು ಹೋಗಿರಿ.

ಗ್ಯಾಸ್ಕೆಟ್ ಬದಲಾಯಿಸುವಾಗ ಹೆಡ್ಡಿನ ಮಟ್ಟವನ್ನು ನೇರ ಪಟ್ಟಿಯಿಟ್ಟು ಅಳೆಯಿರೆಂದು ಒತ್ತಾಯಿಸಿ. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಸೊಟ್ಟವಿದ್ದರೂ ಹೊಸ ಗ್ಯಾಸ್ಕೆಟ್ ಉಳಿಯದೆ ಹೋಗಬಹುದು. ಬೋಲ್ಟುಗಳನ್ನು ಕೈಪಿಡಿಯಲ್ಲಿ ಹೇಳಿದ ಅನುಕ್ರಮದಲ್ಲಿ ಟಾರ್ಕ್ ಸ್ಪ್ಯಾನರಿನಿಂದಲೇ ಬಿಗಿಸಬೇಕು. ಇದೆಲ್ಲಕ್ಕಿಂತ ಮುಖ್ಯವಾಗಿ, ಇಂಜಿನ್ ಬಿಸಿಯೇರಲು ಮೂಲ ಕಾರಣವೇನೆಂದು ಕಂಡುಹಿಡಿಯದೆ ಗ್ಯಾಸ್ಕೆಟ್ ಹಾಕಿದರೆ ಅದೂ ಸುಡುತ್ತದೆ.

ಯಾವ ನೀರು, ಎಷ್ಟು ಭಾರ?

ನಮ್ಮ ಬಯಲುಸೀಮೆಯ ಕೊಳವೆಬಾವಿಗಳ ನೀರು ಬಹುಪಾಲು ಗಡಸು. ಹನಿ ನೀರಾವರಿಯ ಡ್ರಿಪ್ಪರುಗಳಲ್ಲಿ ಕಟ್ಟುವ ಬಿಳಿಯ ಉಪ್ಪು ಇಂಜಿನ್ನಿನ ಒಳಗೂ ಕಟ್ಟುತ್ತದೆ. ಈ ಪದರ ಲೋಹಕ್ಕಿಂತ ಎಷ್ಟೋ ಪಾಲು ಕಡಿಮೆ ಶಾಖ ಸಾಗಿಸುತ್ತದೆ. ಡ್ರಿಪ್ಪರು ಕಟ್ಟಿದರೆ ಗಿಡ ಬಾಡಿ ಎಚ್ಚರಿಸುತ್ತದೆ, ಇಂಜಿನ್ ಎಚ್ಚರಿಸುವುದು ಕೆಂಪು ಗೆರೆಯಲ್ಲಿ ಮಾತ್ರ.

ತಯಾರಕರು ಹೇಳಿದ ಕೂಲೆಂಟನ್ನು ಹೇಳಿದ ಪ್ರಮಾಣದಲ್ಲಿ ಖನಿಜರಹಿತ ನೀರಿನೊಡನೆ ಬೆರೆಸಿ ಬಳಸಿರಿ. ನೀರು ಬೆರೆಸಿಯೇ ಮಾರುವ ಕೂಲೆಂಟಿಗೆ ಮತ್ತೆ ನೀರು ಸೇರಿಸಬಾರದು. ನಮ್ಮಲ್ಲಿ ಹಿಮ ಬೀಳದು, ಕೂಲೆಂಟ್ ಏಕೆ ಎಂದು ಕೇಳುವವರಿದ್ದಾರೆ. ಅದು ಕುದಿಯುವ ಬಿಂದುವನ್ನು ಏರಿಸುವುದಲ್ಲದೆ ತುಕ್ಕು ಮತ್ತು ಉಪ್ಪಿನ ಪದರವನ್ನೂ ತಡೆಯುತ್ತದೆ. ಬೇರೆ ಬೇರೆ ಜಾತಿಯ ಕೂಲೆಂಟ್ ಬೆರೆಸಬೇಡಿ. ದಾರಿಯಲ್ಲಿ ಅನಿವಾರ್ಯವಾದರೆ ಶುದ್ಧ ನೀರು ಹಾಕಿ ಮನೆ ಸೇರಿ, ಅನಂತರ ಪೂರ್ತಿ ಬದಲಾಯಿಸಿ. ಹಳೆಯ ಕೂಲೆಂಟ್ ವಿಷ, ರುಚಿಯಲ್ಲಿ ಸಿಹಿ. ಮಕ್ಕಳು, ನಾಯಿ, ದನಕರುಗಳು ಮುಟ್ಟದಂತೆ ಮುಚ್ಚಿದ ಡಬ್ಬಿಯಲ್ಲಿ ಹಿಡಿದು ವರ್ಕ್‌ಶಾಪಿಗೆ ಕೊಡಿರಿ. ಚರಂಡಿಗೂ ಹೊಲಕ್ಕೂ ಚೆಲ್ಲಬಾರದು.

ಹೊಸ ದ್ರವ ತುಂಬುವಾಗ ವಾಹನದ ಮೂತಿ ಸ್ವಲ್ಪ ಎತ್ತರವಿರಲಿ. ನಿಧಾನವಾಗಿ ತುಂಬಿ, ಕೈಪಿಡಿಯಲ್ಲಿ ಹೇಳಿದಂತೆ ಒಳಗಿನ ಗಾಳಿ ಹೊರಬಿಡಬೇಕು. ಗಾಳಿ ಉಳಿದರೆ ಹೊಸ ಭಾಗ ಹಾಕಿದ ವಾಹನವೂ ಬಿಸಿಯಾಗುತ್ತದೆ.

ಭಾರದ ಲೆಕ್ಕವೂ ಇರಲಿ. 15 ಕಿಲೋ ಟೊಮೆಟೊ ಹಿಡಿಯುವ 100 ಕ್ರೇಟುಗಳೆಂದರೆ ಹಣ್ಣಿನದೇ 1,500 ಕಿಲೋ, ಕ್ರೇಟುಗಳ ತೂಕ ಬೇರೆ. ನಿಮ್ಮ ವಾಹನದ ನೋಂದಣಿ ಪತ್ರದಲ್ಲಿ ಬರೆದಿರುವ ಮಿತಿಯೊಡನೆ ಇದನ್ನು ಹೋಲಿಸಿ ನೋಡಿ. ಶಿರಾಡಿ, ಚಾರ್ಮಾಡಿ ಘಾಟಿಗಳಂತಹ ಏರುಗಳಲ್ಲಿ ಮಿತಿಮೀರಿದ ಭಾರಕ್ಕೆ ಯಾವ ರೇಡಿಯೇಟರೂ ಸಾಲದು.

ಬಿಡಬೇಕಾದ ಅಭ್ಯಾಸಗಳು

ಥರ್ಮೋಸ್ಟಾಟನ್ನು ಕಿತ್ತೆಸೆಯುವ ರೂಢಿ ಬಹಳ ಕಡೆ ಇದೆ. ಇದು ತಪ್ಪು. ಇಂಜಿನ್ ತನ್ನ ಉಷ್ಣತೆಗೆ ಬರದೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಲವು ಇಂಜಿನ್‌ಗಳಲ್ಲಂತೂ ಥರ್ಮೋಸ್ಟಾಟ್ ಇಲ್ಲದಿದ್ದರೆ ಬಿಸಿ ದ್ರವದ ಒಂದು ಪಾಲು ಅಡ್ಡದಾರಿಯಲ್ಲಿ ರೇಡಿಯೇಟರಿಗೆ ಹೋಗದೆಯೇ ಹಿಂದಿರುಗುತ್ತದೆ. ಅರಿಸಿನ ಪುಡಿ ಹಾಕಿ ಸೋರಿಕೆ ಕಟ್ಟುವುದರಿಂದ ಸೋರುವ ಜಾಗದ ಜೊತೆಗೆ ಸಣ್ಣ ಕೊಳವೆಗಳೂ ಕಟ್ಟಬಹುದು. 2020ರ ಏಪ್ರಿಲ್‌ನಿಂದ ಬಂದಿರುವ ಬಿ.ಎಸ್.-6 ವಾಹನಗಳಲ್ಲಿ ಹಲವು ಬಿಸಿಯೇರಿದಾಗ ತಾವೇ ಇಂಜಿನ್ನಿನ ಶಕ್ತಿ ತಗ್ಗಿಸುತ್ತವೆ. ಇದು ದೋಷವಲ್ಲ, ರಕ್ಷಣೆ. ಸೆನ್ಸಾರಿನ ತಂತಿ ಕಿತ್ತು ಓಡಿಸಲು ಹೋಗಬಾರದು.

ಕಾಲಾನುಸಾರ ಆರೈಕೆ

ಪ್ರತಿ ದಿನ ಹೊರಡುವ ಮುನ್ನ ದ್ರವದ ಮಟ್ಟ ನೋಡುವುದು. ವಾರಕ್ಕೊಮ್ಮೆ ಬೆಲ್ಟ್, ಹೋಸು, ಕ್ಲಿಪ್ಪು ಮುಟ್ಟಿ ನೋಡುವುದು. ರಾಗಿ, ಹುರುಳಿ ಒಕ್ಕಣೆಯ ಕಾಲದಲ್ಲಿ ವಾರಕ್ಕೊಮ್ಮೆ ರೇಡಿಯೇಟರಿನ ಮುಂಭಾಗ ತೊಳೆಯುವುದು. ಹುಲ್ಲು ಹರಡಿದ ರಸ್ತೆಯಲ್ಲಿ ಹೋದ ದಿನ ವಾಹನದ ಅಡಿಭಾಗವನ್ನೂ ನೋಡತಕ್ಕದ್ದು. ಕಾದ ಸೈಲೆನ್ಸರಿಗೆ ಸುತ್ತಿದ ಒಣ ಹುಲ್ಲು ಬೆಂಕಿ ಹತ್ತಿಸಬಹುದು. ಬೇಸಿಗೆ ಬರುವ ಮುನ್ನ ಮುಚ್ಚಳ, ಥರ್ಮೋಸ್ಟಾಟ್, ಫ್ಯಾನ್ ಪರೀಕ್ಷಿಸುವುದು. ಕೈಪಿಡಿಯ ಅವಧಿಗೆ ಸರಿಯಾಗಿ ಕೂಲೆಂಟ್ ಬದಲಾಯಿಸುವುದು.

ಅಣ್ಣನವರ ವಾಹನ ಈಗ ಸರಿಯಾಗಿ ಓಡುತ್ತಿದೆ. ಅವರು ಮುಂದಿನ ಸೀಟಿನ ಕೆಳಗೆ ಐದು ಲೀಟರಿನ ಕ್ಯಾನು, ದಪ್ಪ ಬಟ್ಟೆ, ಟಾರ್ಚು, ಒಂದು ಹೆಚ್ಚಿನ ಬೆಲ್ಟು ಇಟ್ಟಿದ್ದಾರೆ. ಮುಳ್ಳು ಅರ್ಧ ದಾಟಿದರೆ ಮಾರುಕಟ್ಟೆ ಕಣ್ಣಿಗೆ ಕಾಣುತ್ತಿದ್ದರೂ ನಿಲ್ಲಿಸುತ್ತಾರೆ. ಒಂದು ಗಂಟೆ ತಡವಾಗಿ ತಲುಪಿದ ಮಾಲಿಗೆ ನಾಲ್ಕು ಕಾಸು ಕಡಿಮೆ ಸಿಕ್ಕಬಹುದು, ಆದರೆ ಮರುದಿನದ ಕೊಯ್ಲಿಗೆ ವಾಹನ ಉಳಿದಿರುತ್ತದೆ. ರೈತ ಬಾಂಧವರು ಭಾಗ ಬದಲಾಯಿಸುವ ಮೊದಲು ‘ಯಾವಾಗ ಬಿಸಿಯಾಗುತ್ತದೆ’ ಎಂಬ ಒಂದು ಪ್ರಶ್ನೆಯನ್ನು ಕೇಳುವ ಅಭ್ಯಾಸ ಮಾಡಿಕೊಂಡಲ್ಲಿ ಬಹಳಷ್ಟು ಹಣವೂ ಬೆಳೆಯೂ ಉಳಿಯುವುದರಲ್ಲಿ ಸಂದೇಹವಿಲ್ಲ.